ಒಂದಂಗುಲ ಹಿಮ

ಶವದ ಗಾಡಿಯ ಕೀಲಿಕೈಯನ್ನು ಅದರ ಚಾಲಕ ಡ್ವೇನನ ಕೈಯಿಂದ ಕಿತ್ತುಕೊಂಡು ಲವೋನ್ ತನ್ನ ಜೇಬಿಗೆ ಹಾಕಿಕೊಂಡಳು.

“ಇವತ್ತು ಯಾರೂ ಎಲ್ಲಿಗೂ ಹೋಗಲ್ಲ.”

ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಪ್ರಾರ್ಥನೆ ಮುಗಿದಿತ್ತು. ಅವಳಪ್ಪ ಪಾಲ್ಮರ್ ಹೊರಗೆ ಗಾಡಿಯಲ್ಲಿ, ಪೆಟ್ಟಿಗೆಯೊಳಗೆ ಮಲಗಿದ್ದ. ಹನ್ನೊಂದು ಮೈಲಿ ಆಚೆ, ಬಟ್ಟಬಯಲಿನ ಸ್ಮಶಾನದಲ್ಲಿ ಎರಡು ದಿನ ಗ್ಯಾಸ್ ಒಲೆ ಹಚ್ಚಿ, ಚಳಿಗೆ ಹೆಪ್ಪುಗಟ್ಟಿ ಕಲ್ಲಾಗಿದ್ದ ನೆಲವನ್ನು ಕರಗಿಸಿ ಗುಂಡಿ ತೋಡಿದ್ದರು. ಅಗೆಯುವವನು ಮಧ್ಯಾಹ್ನಕ್ಕೆ ಒಲೆ ಎತ್ತಿಕೊಂಡು ಬೇರೆ ಊರಿಗೆ ಹೊರಡುವವನಿದ್ದ. ಇವತ್ತು ತಪ್ಪಿದರೆ ತೆಗೆದ ಮಣ್ಣು ಮತ್ತೆ ಕಲ್ಲಾಗುತ್ತದೆ. ಆಮೇಲೆ ಮೇ ತಿಂಗಳವರೆಗೆ ಪೆಟ್ಟಿಗೆ, ಚಳಿಗಾಲದ ಹೆಣಗಳನ್ನಿಡುವ ಊರಿನ ಕಲ್ಲುಕೋಣೆಯಲ್ಲಿ ಕಾಯಬೇಕು.

“ರೇಡಿಯೊದಲ್ಲಿ ಏನಂದ್ರು, ಕೇಳಿಸ್ಕೊಂಡ್ಯಾ?” ಎಂದಳು ತಾಯಿ ಬೋರ್ಗಿಲ್ಡ್. “ಸೊನ್ನೆಗಿಂತ ಇಪ್ಪತ್ತೆಂಟು ಕೆಳಗೆ. ತೆಳುವಾಗಿ ಹಿಮ, ಒಂದಂಗುಲ. ಒಂದಂಗುಲಕ್ಕೆ ಹೆದರಿ ಗಂಡನ್ನ ಬೀರುವಿನಲ್ಲಿ ಇಡ್ಲೇನೇ?”

“ಅಮ್ಮ, ಮಾರ್ಲಿಸ್‌ಗೆ ಫೋನ್ ಮಾಡಿದ್ದೆ. ಅವಳ ಒಕ್ಕಲುಮನೆ ಇಲ್ಲಿಂದ ಪಶ್ಚಿಮಕ್ಕೆ ಅರವತ್ತೇ ಮೈಲಿ. ಅಲ್ಲಿ ಗಾಳಿ ಎದ್ದಿದೆ, ಅಂಗಳದಿಂದ ಕೊಟ್ಟಿಗೆ ಕಾಣ್ತಿಲ್ವಂತೆ. ಎರಡು ಗಂಟೇಲಿ ಇಲ್ಲಿರತ್ತೆ.”

“ಅಯ್ಯೋ ದೇವರೇ, ಒಬ್ಬ ಹೋದ ಅಂದ್ಕೊಂಡ್ರೆ ಇನ್ನೊಬ್ಬಳು ಹುಟ್ಕೊಂಡ್ಲು!” ಮೂಲೆಯ ಮೇಜಿನಿಂದ ಯಾರೋ ಅಂದರು. “ಪಾಲ್ಮರ್ ಹೇಳಿದ್ರಲ್ಲಿ ಅರ್ಧ ಕಳೀತಿದ್ವಿ. ಮಗಳು ಹೇಳಿದ್ರಲ್ಲಿ ಎಷ್ಟು ಕಳೀಬೇಕಪ್ಪಾ?”

ನಗು ಎದ್ದಿತು. ಲವೋನಳಿಗೆ ಮೈಯೆಲ್ಲ ಉರಿದುಹೋಯಿತು. ಸಿಟ್ಟು ನಕ್ಕವರ ಮೇಲಲ್ಲ, ಅಪ್ಪನ ಮೇಲೆ. ಹೋಗುವವನು ಸುಮ್ಮನೆ ಹೋಗದೆ ಈ ಹಾಳು ಬುದ್ಧಿಯನ್ನು ತನಗೆ ಅಂಟಿಸಿ ಹೋದನಲ್ಲ ಎಂದು.

*

ಪಾಲ್ಮರ್ ಊರಿನ ರೇಡಿಯೊದಲ್ಲಿ ಮೂವತ್ತಾರು ವರ್ಷ ಬೆಳಗಿನ ಹವಾಮಾನ ಹೇಳಿದವನು. ಮೊದಲೆಲ್ಲ ಹವಾಮಾನ ಇಲಾಖೆಯಿಂದ ಬಂದ ಕಾಗದವನ್ನು ಇದ್ದಂತೆ ಓದುತ್ತಿದ್ದ. ಎಂಬತ್ತೇಳರ ಫೆಬ್ರವರಿಯಲ್ಲೂ ಹಾಗೇ ಓದಿದ: ಕಡುಚಳಿ, ತೆಳುಹಿಮ, ಒಂದಂಗುಲ. ಬಿದ್ದದ್ದೂ ಒಂದಂಗುಲವೇ. ಆದರೆ ಅಂಥ ಚಳಿಯಲ್ಲಿ ಹಿಮ ಹಿಟ್ಟಿನಷ್ಟು ಹಗುರ. ಮಧ್ಯಾಹ್ನ ಗಾಳಿ ಬೀಸಿದ್ದೇ ತಡ, ನೆಲದ ಮೇಲಿನದೆಲ್ಲ ಎದ್ದು ಬಯಲಿಗೆ ಬಯಲೇ ಮುಚ್ಚಿಹೋಯಿತು. ಹಸುಗಳಿಗೆ ಮೇವು ಹಾಕಲು ಹೋದ ಕ್ಲಿಫರ್ಡ್ ಹೌಗೆನ್ ಎರಡು ದಿನದ ಮೇಲೆ ಹೆಣವಾಗಿ ಸಿಕ್ಕ, ತನ್ನ ಮನೆಬಾಗಿಲಿಗೆ ಇಪ್ಪತ್ತೇ ಹೆಜ್ಜೆ ದೂರದಲ್ಲಿ.

“ನೀನು ಹೇಳಿದ್ದೇನೂ ತಪ್ಪಲ್ಲ ಬಿಡು, ಪಾಲ್ಮರ್,” ಎಂದ ಕ್ಲಿಫರ್ಡನ ಅಣ್ಣ ಓರಿನ್. “ಒಂದಂಗುಲವೇ ಬಿತ್ತು.” ಅದಾದ ಮೇಲೆ ಅವನು ಪಾಲ್ಮರನೊಡನೆ ಮಾತಾಡಲಿಲ್ಲ.

ಅಂದಿನಿಂದ ಪಾಲ್ಮರ್ ಕಾಗದವನ್ನು ನಂಬುವುದು ಬಿಟ್ಟ. ನಸುಕಿಗೇ ಎದ್ದು ಪಶ್ಚಿಮದ ಒಕ್ಕಲುಮನೆಗಳಿಗೆ ಒಂದೊಂದಾಗಿ ಫೋನ್ ಮಾಡುವನು: “ನಿಮ್ಮ ಕೊಟ್ಟಿಗೆ ಕಾಣತ್ತಾ?” ಕಾಣಲ್ಲ ಎಂದು ಒಬ್ಬರಂದರೂ ಸಾಕು, ಮನೆಬಿಟ್ಟು ಕದಲಬೇಡಿ ಎಂದು ಊರಿಗೆಲ್ಲ ಸಾರುವನು. ಹತ್ತರಲ್ಲಿ ಏಳು ಸಲ ಗಾಳಿ ಬೇರೆ ಕಡೆ ತಿರುಗುತ್ತಿತ್ತು. ಶಾಲೆಯ ಪಂದ್ಯಗಳು ನಿಂತವು, ದನದ ಹರಾಜು ನಿಂತಿತು. ಲವೋನಳ ಮದುವೆಯ ದಿನವೂ ಬಿಡಲಿಲ್ಲ ಪುಣ್ಯಾತ್ಮ! ಅರ್ಧ ಊರು ಬರಲಿಲ್ಲ. ಅವತ್ತು ಬಿಸಿಲೋ ಬಿಸಿಲು. ಅವಳು ಒಂದು ವರ್ಷ ಅಪ್ಪನೊಡನೆ ಮಾತು ಬಿಟ್ಟಳು. ಅವನೋ, ಮದುವೆಯೂಟದಲ್ಲಿ ಉಳಿದ ಹಂದಿಮಾಂಸವನ್ನು ಎರಡು ವಾರ ತಿಂದ.

*

“ಕೀಲಿ ಕೊಡು.” ಬೋರ್ಗಿಲ್ಡ್ ಕೈಚಾಚಿದಳು. “ಮಣ್ಣಿಗೆ ಸೇರಿಸ್ತೀನಿ ಅಂತ ಅವನಿಗೆ ಮಾತು ಕೊಟ್ಟಿದ್ದೀನಿ ಕಣೇ. ಕೈ ಮುಗೀತೀನಿ, ಕೊಡು.”

“ಕೊಡಲ್ಲ.”

“ತಾಯಿಯಂತೆ ಮಗಳು ಅಂತಾರೆ. ನನ್ನ ಹಣೆಬರಹ, ಇದು ಅಪ್ಪನ ಪಡಿಯಚ್ಚು!”

ಎಂಬತ್ತು ದಾಟಿದ ಓರಿನ್ ಹೌಗೆನ್ ಕೋಟು ತೊಟ್ಟು ಮೆಟ್ಟಿಲ ಬಳಿ ಹೊರಟು ನಿಂತಿದ್ದ. ಲವೋನ್ ಅವನತ್ತ ನೋಡಲಾರದೆ ನೋಡಿದಳು.

“ಏನಂದ್ಲು ಆ ಮಾರ್ಲಿಸ್ ಹುಡುಗಿ?” ಎಂದ ಓರಿನ್.

“ಕೊಟ್ಟಿಗೆ ಕಾಣ್ತಿಲ್ಲ ಅಂದ್ಲು, ಓರಿನ್ನವರೇ.”

ಮುದುಕ ನಿಧಾನವಾಗಿ ಕೋಟು ಬಿಚ್ಚಿ ಗೋಡೆಯ ಮೊಳೆಗೆ ನೇತುಹಾಕಿ, ಹತ್ತಿರದ ಕುರ್ಚಿಯಲ್ಲಿ ಕುಳಿತ. “ಕಾಫಿ ಹಾಕು,” ಎಂದ. ಅವನೇ ಕುಳಿತ ಮೇಲೆ ಮಿಕ್ಕವರು ಏನೆಂದಾರು? ಗೊಣಗುತ್ತಾ ಒಬ್ಬೊಬ್ಬರೇ ಕೋಟು ಬಿಚ್ಚಿದರು.

ಒಂದು ಗಂಟೆ ಕಳೆಯಿತು. ಎರಡೂ ಕಳೆಯಿತು. ಗಾಳಿ ಬರಲಿಲ್ಲ. ಆಲೂಗಡ್ಡೆ ಖಾದ್ಯದ ತಟ್ಟೆಗಳು ಖಾಲಿಯಾದವು, ಕಾಫಿ ಮೂರನೇ ಸಲ ಕುದಿಯಿತು. ಸಣ್ಣ ಕಿಟಕಿಯಿಂದ ಬಿಸಿಲು ಇಳಿದು ಸೀದಾ ಬೋರ್ಗಿಲ್ಡಳ ಮೇಜಿಗೇ ಬಿತ್ತು. ಮಾರ್ಲಿಸ್ ಫೋನ್ ಮಾಡಿದಳು, ಗಾಳಿ ಉತ್ತರಕ್ಕೆ ತಿರುಗಿತಂತೆ. ಅಗೆಯುವವನು ಒಲೆ ಎತ್ತಿಕೊಂಡು ಹೋದ ಎಂದು ಡ್ವೇನ್ ಮೆಲ್ಲಗೆ ಹೇಳಿದ.

ಬೋರ್ಗಿಲ್ಡ್ ಅತ್ತಳು. “ನಿನ್ನ ಮದುವೆ ಅವನು ಹಾಳು ಮಾಡಿದ,” ಎಂದಳು ಮಗಳಿಗೆ. “ಅವನ ಮಣ್ಣು ನೀನು ಹಾಳು ಮಾಡ್ದೆ. ಸರಿಹೋಯ್ತು, ಲೆಕ್ಕ ಚುಕ್ತಾ.”

ಲವೋನ್ ಕೀಲಿಯನ್ನು ತಾಯಿಯ ಮುಂದಿಟ್ಟು, ಮುಖ ತೊಳೆಯಲೆಂದು ಮೆಟ್ಟಿಲು ಹತ್ತಿದಳು. ಅರ್ಧದಲ್ಲಿ ಕಾಲು ನಿಂತಿತು. ಗೋಡೆಯುದ್ದಕ್ಕೂ ಕೋಟುಗಳು ಒತ್ತೊತ್ತಾಗಿ ತೂಗುತ್ತಿದ್ದವು. ಓರಿನ್‌ನದು, ಪಾದ್ರಿಯದು, ತೋಳಿಗೆ ಕೈಗವಸು ಪೋಣಿಸಿದ ಮಕ್ಕಳ ಸಣ್ಣಸಣ್ಣವು. ಅವಳು ಮೊದಲಿನಿಂದ ಕೊನೆಯವರೆಗೆ ಒಂದೊಂದನ್ನೂ ಮುಟ್ಟಿ ನೋಡಿದಳು. ಒಂದು ಮೊಳೆಯೂ ಖಾಲಿ ಇರಲಿಲ್ಲ. ಕೆಳಗೆ ಅವುಗಳ ಒಡೆಯರು, ಒಬ್ಬರೂ ಬಿಡದೆ, ಬೆಚ್ಚಗೆ ಕೂತು ಅವಳನ್ನು ಬೈಯುತ್ತಿದ್ದರು.