ಬಿಲ್ ಹೊಡೆಯುವ ಕಂಪ್ಯೂಟರ್

ಬೀಜಾಡಿಯ ನನ್ನ ಸ್ಟುಡಿಯೋದಲ್ಲಿ ಕಂಪ್ಯೂಟರ್ ಕೆಟ್ಟಿತು. ಯಕ್ಷಗಾನ ಭಾಗವತರ ಪದ್ಯಗಳನ್ನು ರೆಕಾರ್ಡ್ ಮಾಡುವ ಮಿಕ್ಸರ್ ಮಾತ್ರ ಗಟ್ಟಿಮುಟ್ಟಾಗಿತ್ತು. ಅದರ ಕೇಬಲ್ ಹಿಡಿದು ಕುಂದಾಪುರದ ಅಂಗಡಿಗೆ ಹೋದರೆ, ಒಂದು ಹೊಸ ಕಂಪ್ಯೂಟರಿನಲ್ಲೂ ಅದನ್ನು ಸಿಕ್ಕಿಸುವ ಜಾಗವಿಲ್ಲ.

“ಆ ಪೋರ್ಟ್ ಈಗ ಬತ್ತಿಲ್ಲ. ಮಿಕ್ಸರ್ ಬಿಸಾಡಿ, ಹೊಸ್ತ್ ತಕಣಿ,” ಎಂದ ಅಂಗಡಿಯ ಉಲ್ಲಾಸ್, ಮೊಬೈಲಿನಿಂದ ಕಣ್ಣೆತ್ತದೆ.

ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಮೇಜಿನ ಮೇಲೆ ಅವನ ಪ್ರಿಂಟರ್ ಕರಕರ ಎಂದು ಯಾರದೋ ಬಿಲ್ ಹೊಡೆಯತೊಡಗಿತು. ಅದಕ್ಕೆ ಜೋಡಿಸಿದ ಕಂಪ್ಯೂಟರ್ ನನ್ನದಕ್ಕಿಂತ ಹಳೆಯದು.

“ಈ ಕಂಪ್ಯೂಟರನ್ನ್ ಎಂತಕ್ಕೆ ಬಿಸಾಡ್ಲಿಲ್ಲ?” ಎಂದೆ.

“ಪ್ರಿಂಟರ್ ಸಮ ಇತ್ತಲ್ದಾ. ಹೊಸ ಕಂಪ್ಯೂಟರಿಗೆ ಇದ್ರ್ ಕೇಬಲ್ ಕೂರುದಿಲ್ಲ.”

ನಾನು ಬಾಗಿ, ಆ ಕಂಪ್ಯೂಟರಿನ ಹಿಂಬದಿಗೆ ನನ್ನ ಕೇಬಲ್ ಸಿಕ್ಕಿಸಿದೆ. ಸರಿಯಾಗಿ ಕೂತಿತು.

“ಹಂಗಾರೆ ಇದನ್ನೇ ಕೊಡಿ. ನಿಮ್ಮ್ ಪ್ರಿಂಟರ್ ಬಿಸಾಡಿ, ಹೊಸ್ತ್ ತಕಣಿ.”