ಸುರಂಗದೊಳಗಿನ ಕಕ್ಕಸು

"ಎತ್ತೇ ಕಾಲು! ಲಾಳ ಹೊಡೆಸ್ಕೊಳ್ಳೋವಾಗ ಕುದ್ರೆ ಎತ್ತಲ್ವಾ, ಹಂಗೆ ಎತ್ತು."

ಸೂಪರ್‌ವೈಸರ್ ಸೊತೆಲೊ ಮೊಬೈಲಿನ ದೀಪ ಹಿಡಿದು ಕಸ ಗುಡಿಸುವ ಹೆಂಗಸರ ಬೂಟಿನ ಅಡಿ ನೋಡುತ್ತಿದ್ದ. ಐದೂ ಜನ ಪ್ಲಾಟ್‌ಫಾರಮ್ಮಿನ ಗೋಡೆ ಹಿಡಿದು ಒಂಟಿಕಾಲಲ್ಲಿ ನಿಂತಿದ್ದರು. ಕಿತ್ತಳೆ ಬಣ್ಣದ ಮೆಟ್ರೋ ಬಂತು, ಇಳಿದ ಜನ ಅವರನ್ನು ಬಳಸಿಕೊಂಡು ಹೋದರು. ಏನಿದು ಎಂದು ಒಬ್ಬರೂ ಕೇಳಲಿಲ್ಲ. ಮೆಕ್ಸಿಕೋ ನಗರದ ಹೊಟ್ಟೆಯೊಳಗೆ ಎಲ್ಲರಿಗೂ ಅವಸರ, ಕಸದವಳ ಬೂಟು ಯಾರಿಗೆ ಬೇಕು?

ಸಿಬ್ಬಂದಿಯ ಕಕ್ಕಸಿನ ಹೊಸ್ತಿಲೊಳಗೆ ಸೊತೆಲೊ ಬೆಳಿಗ್ಗೆಯೇ ಪೌಡರು ಉದುರಿಸಿಟ್ಟಿದ್ದ. ಆ ಕಕ್ಕಸನ್ನು ತೊಳೆಯುವವರು ಈ ಹೆಂಗಸರೇ, ಆದರೆ ಅವರು ಅದನ್ನು ಬಳಸಕೂಡದು. ಗುತ್ತಿಗೆ ಕಂಪನಿಯ ಕಾನೂನು ಅದು. ಅವಸರವಾದರೆ ಮೆಟ್ಟಿಲು ಹತ್ತಿ ಸಂತೆಯ ಪಾಯಿಖಾನೆಗೆ ಹೋಗಬೇಕು, ಹೋದವಳ ಅರ್ಧ ದಿನದ ಕೂಲಿ ಖೋತಾ. ಹಾಗಾಗಿ ಕೆಲಸ ಮುಗಿಯುವ ತನಕ ಯಾರೂ ನೀರು ಕುಡಿಯುತ್ತಿರಲಿಲ್ಲ.

ಪೌಡರು ಕಂಡದ್ದು ಫಿದೆಲಾಳ ಬೂಟಿನಲ್ಲಿ.

"ಗುಡ್ಡದಿಂದ ಇಳಿದುಬಂದ ಕಾಡುಮುಂಡೆ, ನಿಮ್ಮಪ್ಪನ ಜೋಳದ ಹೊಲ ಅಂದ್ಕೊಂಡ್ಯೇನೇ? ಬಾಗ್ಲು ಯಾವಳು ತೆಗೆದ್ಳು?"

"ತೆಗೆದೇ ಇತ್ತು" ಎಂದಳು ಫಿದೆಲಾ, ನೆಲ ನೋಡುತ್ತಾ.

ನಿಂತ ಕಾಲಲ್ಲೇ ಅವಳನ್ನು ಕೆಲಸದಿಂದ ತೆಗೆದ. ಆಮೇಲೆ ಎಲ್ಲರೆದುರು ಸಾಲಿನಲ್ಲಿದ್ದ ಬೆನಿತಾಳ ಭುಜ ತಟ್ಟಿ, ಇದ್ದರೆ ಇವಳ ಹಾಗಿರಬೇಕು, ನಂಬಿಕಸ್ಥೆ, ಎಂದು ಹೊಗಳಿ ಹೋದ. ಪಾಪಿ, ಉಳಿದವರಿಗೆ ಅವಳ ಮೇಲೆ ಅನುಮಾನ ಬರಲೆಂದೇ ಹೊಗಳಿದ್ದ.

ಆ ವಾರ ಕಕ್ಕಸು ತೊಳೆಯುವ ಸರದಿ ಬೆನಿತಾಳದು, ಅಂದು ಇನ್ನೂ ತೊಳೆದಿರಲಿಲ್ಲ. ಬೀಗದ ಕೈಯೂ ಅವಳ ಬಳಿಯೇ. ಫಿದೆಲಾಗೆ ಬಾಗಿಲು ತೆಗೆದುಕೊಟ್ಟವಳು ಅವಳೇ. ಫಿದೆಲಾ ಹೆಸರು ಹೇಳಲಿಲ್ಲ, ಇವಳು ಕೆಲಸ ಹೋಗುತ್ತದೆಂದು ಬಾಯಿ ಬಿಡಲಿಲ್ಲ. ಬೆನಿತಾಗೆ ತನ್ನ ಮೇಲೇ ಅಸಹ್ಯವಾಯಿತು.

ಮಧ್ಯಾಹ್ನ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಊಟ. ಒಬ್ಬಳ ಹುರುಳಿಕಾಯಿ, ಇನ್ನೊಬ್ಬಳ ಮೆಣಸಿನಕಾಯಿ, ಎಲ್ಲರ ಜೋಳದ ರೊಟ್ಟಿ ಒಂದೇ ಬಟ್ಟೆಯ ಮೇಲೆ. ತನ್ನದನ್ನು ತಾನೇ ತಿನ್ನುವ ರೂಢಿ ಅಲ್ಲಿ ಇರಲಿಲ್ಲ. ಅಂದು ಬೆನಿತಾ ಬರುತ್ತಿದ್ದ ಹಾಗೆ ಮಾತು ನಿಂತಿತು, ಬಟ್ಟೆ ಮಡಚಿಕೊಂಡಿತು. ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಅವಳು ಒಣರೊಟ್ಟಿ ಅಗಿದಳು. ಅಗಿಯುತ್ತಲೇ ಒಬ್ಬೊಬ್ಬಳ ಮುಖ ನೋಡಿದಳು. ಪೌಡರು ಹಾಕುವ ಯೋಚನೆ ಅವನಿಗೆ ಸುಮ್ಮಸುಮ್ಮನೆ ಬಂದೀತೇ? ಇವರಲ್ಲೇ ಯಾವಳೋ ಅವನ ಕಿವಿ ಊದಿರಬೇಕು. ಊದಿದವಳೇ ನನ್ನ ಕಡೆ ಬೆರಳು ತೋರಿಸಿದ್ದಾಳೆ.

ಮಾರನೆಯ ದಿನ ಎಲ್ಲರಿಗಿಂತ ಹಿರಿಯಳಾದ, ಅದಕ್ಕೇ ದೋನ್ಯಾ ಅನ್ನಿಸಿಕೊಳ್ಳುವ ಚೊನಾ ಮಾಪಿನ ಕೋಲಿಗೆ ಜೋತುಬಿದ್ದು ನಿಂತಿದ್ದಳು. ಮೂತ್ರ ತಡೆದು ತಡೆದು ಅವಳಿಗೆ ಕಲ್ಲಾಗಿತ್ತು. ಮುಖ ಬೆವತಿತ್ತು. ಬೆನಿತಾ ಹತ್ತಿರ ಹೋಗಿ, ಬಾಗಿಲು ತೆಗೀತೀನಿ ಬಾ ಎಂದು ಪಿಸುಗುಟ್ಟಿದಳು.

"ನಿನ್ನ ಬಾಗ್ಲು ನಂಗ್ ಬ್ಯಾಡ ಕಣೇ. ಒಳಕ್ಕೆ ಬಿಟ್ಟು ಅವನ್ನ ಕೂಗೋಕಾ? ಇಲ್ಲೇ ಸಾಯ್ತೀನಿ, ಹೋಗು."

ಬೆನಿತಾ ಬೀಗದ ಕೈ ಹಿಡಿದು ಕಕ್ಕಸಿನ ಬಾಗಿಲಿಗೆ ಹೋದಳು. ಆಮೇಲೆ ಪ್ಲಾಟ್‌ಫಾರಮ್ಮಿಗೆಲ್ಲ ಕೇಳುವಂತೆ ಸೊತೆಲೊನನ್ನು ಕೂಗಿದಳು.

"ನೋಡ್ರೇ, ಈಗ ಬಾಯ್ಬಿಟ್ಟೇ ಕರೀತಾವ್ಳೆ" ಎಂದಳು ಚೊನಾ, ಹಲ್ಲು ಕಚ್ಚಿ.

ಸೊತೆಲೊ ಬಾಗಿಲ ಹತ್ತಿರ ಬರುವ ತನಕ ಬೆನಿತಾ ಕಾದಳು. ಬಂದ ಮೇಲೆ ಅವನ ಮೂಗಿನ ಮುಂದೆಯೇ ಬೀಗ ತೆಗೆದಳು, ಒಳಗೆ ಹೋದಳು, ಬಾಗಿಲು ಹಾಕಿಕೊಂಡಳು. ಹೊರಗೆ ಅವನು ಬಾಗಿಲು ಗುದ್ದುತ್ತಿದ್ದ. ನಿಧಾನವಾಗಿ ಕೂತು ಎದ್ದು, ನೀರು ಬಿಟ್ಟು, ಹೊರಗೆ ಬಂದಳು.

"ನಾನೇ ಹೋಗಿದ್ದು. ನಿನ್ನೆ ಫಿದೆಲಾಗೆ ತೆಗೆದುಕೊಟ್ಟಿದ್ದೂ ನಾನೇ."

"ಆ ಅಂಗಿ ಬಿಚ್ಚಿಟ್ಟು ಆಚೆ ನಡಿಯೇ ಬೋಸುಡಿ."

"ಬಿಚ್ತೀನಿ. ಬಾಗ್ಲು ಮಾತ್ರ ಹಾಕಲ್ಲ."

ಕಂಪನಿಯ ಮೇಲಂಗಿ ಬಿಚ್ಚಿ ಅವನ ಕಾಲ ಬುಡಕ್ಕೆ ಎಸೆದಳು. ಉಳಿದವರು ಕದಲಲಿಲ್ಲ. ಇದು ಇವರಿಬ್ಬರೂ ಸೇರಿ ಕಟ್ಟಿದ ನಾಟಕವೋ ಏನೋ ಎಂದು ಮುಖ ಮುಖ ನೋಡಿಕೊಂಡರು. ಚೊನಾ ನೆಲದ ಮೇಲಿನ ಅಂಗಿಯನ್ನು ನೋಡಿದಳು, ಬೆನಿತಾಳನ್ನು ನೋಡಿದಳು. ಕುಂಟುತ್ತಾ ಬಂದು ಮಾಪಿನ ಕೋಲನ್ನು ಸೊತೆಲೊನ ಕೈಗೆ ಕೊಟ್ಟಳು.

"ವಸಿ ಹಿಡ್ಕೊಂಡಿರಪ್ಪ."

ಅವನು ಗೊತ್ತಿಲ್ಲದೆಯೇ ಹಿಡಿದುಕೊಂಡ. ಚೊನಾ ಒಳಗೆ ಹೋದಳು, ಚಿಲಕ ಬಿತ್ತು. ಉಳಿದಿಬ್ಬರು ಪೊರಕೆಗಳನ್ನು ಗೋಡೆಗೆ ಒರಗಿಸಿ ಬಾಗಿಲ ಮುಂದೆ ಸಾಲಾಗಿ ನಿಂತರು.