ತಳವಿಲ್ಲದ ಬುಟ್ಟಿ

ಲಿಂಗಸುಗೂರಿನ ಛಾವಣಿ ಟೀಮಿಗೂ ಸಿಂಧನೂರಿನ ಕ್ಯಾಂಪ್ ಟೀಮಿಗೂ, ಎರಡಕ್ಕೂ ಆಡಿದವರು ಈ ಭೂಮಿಯ ಮೇಲೆ ಇಬ್ಬರೇ. ಒಬ್ಬ ನಾನು, ಮಸ್ಕಿಯ ಕಿರಾಣಿ ಅಂಗಡಿ ದೊಡ್ಡಬಸಪ್ಪನ ಮಗ ಅಮರಗುಂಡಪ್ಪ. ಇನ್ನೊಬ್ಬ ಪಾಮನಕಲ್ಲೂರಿನ ಕುರಿಗಾರ ಹೊನ್ನೂರಪ್ಪ. ಹೀಗೆಂದರೆ ಮೊಮ್ಮಕ್ಕಳು ನಗುತ್ತಾರೆ. ಆ ಕಾಲಕ್ಕೆ ನಮ್ಮ ಸೀಮೆಯಲ್ಲಿ ಬಾಸ್ಕೆಟ್‌ಬಾಲ್ ಎಲ್ಲಿತ್ತು ಮುತ್ಯಾ ಎನ್ನುತ್ತಾರೆ. ಇತ್ತು. ಪಗಾರ ತೆಗೆದುಕೊಂಡು ಆಡುವವರೂ ಇದ್ದರು. ನಂಬದಿದ್ದರೆ ಅವರ ಕರ್ಮ.

ಅದು ನಲವತ್ತೊಂಬತ್ತನೆಯ ಇಸವಿ. ನಿಜಾಮರ ರಾಜ್ಯ ಹೋಗಿ ಒಂದು ವರ್ಷವಾಗಿತ್ತು. ಲಿಂಗಸುಗೂರಿನ ಶಾಲೆಯಲ್ಲಿ ಕರೀಂಸಾಬ್ ಎಂಬ ಡ್ರಿಲ್ ಮಾಸ್ತರರಿದ್ದರು. ಹರೆಯದಲ್ಲಿ ಸಿಕಂದರಾಬಾದಿನ ಪಲ್ಟನ್ನಿನಲ್ಲಿದ್ದಾಗ ಗೋರಾ ಸಿಪಾಯಿಗಳಿಂದ ಈ ಆಟ ಕಲಿತಿದ್ದರು. ಹಿಂದೆ ಪಲ್ಟನ್ನು ಬೀಡುಬಿಟ್ಟಿದ್ದ ಹಳೆಯ ಛಾವಣಿಯ ಬಯಲಿನಲ್ಲಿ ಎರಡು ಕಂಬ ನೆಟ್ಟು, ಡಾಂಬರು ಪೀಪಾಯಿಯ ಕಬ್ಬಿಣದ ಪಟ್ಟಿಯನ್ನು ಬಳೆಯಂತೆ ಬಗ್ಗಿಸಿ ಮೇಲೆ ಹೊಡೆಸಿ, ಕೆಳಗೆ ಹಗ್ಗದ ಬಲೆ ಇಳಿಬಿಟ್ಟಿದ್ದರು. ಜನ ಅದನ್ನು ಬುಟ್ಟಿ ಚೆಂಡು ಎಂದರು. ನನ್ನ ಅಪ್ಪ ಒಮ್ಮೆ ಅದನ್ನು ನೋಡಿ ಬಂದು ಅಂಗಡಿಯಲ್ಲಿ ನಾಲ್ಕು ಜನರ ಎದುರಿಗೇ ನನ್ನ ಮಾನ ಹರಾಜು ಹಾಕಿದ.

"ನನ್ನ ಮಗ ಅಂಗಡ್ಯಾನ ಬುಟ್ಟಿಗೆ ಬೆಲ್ಲ ಹಾಕಂದ್ರ ಹಾಕಂಗಿಲ್ಲ. ತಳ ಇಲ್ಲದ ಬುಟ್ಟಿಗೆ ಚೆಂಡು ಹಾಕಾಕ ಲಿಂಗಸುಗೂರಿಗೆ ಹೋಗ್ತಾನ."

ಬೆಲ್ಲ ತೂಗುವುದೆಂದರೆ ನನಗೆ ಆಗಿಬರುತ್ತಿರಲಿಲ್ಲ. ಈಗಲೂ ಬೆಲ್ಲದ ವಾಸನೆಗೆ ತಲೆನೋವು ಬರುತ್ತದೆ.

ಹೊನ್ನೂರಪ್ಪ ಟೀಮಿಗೆ ಬಂದದ್ದು ಸಂತೆಯಿಂದ. ಕುರಿ ಸಂತೆಯಲ್ಲಿ ಅವನು ಒಂದು ಮರಿಯನ್ನು ಎದೆಗೆ ಹಿಡಿದು, ಎರಡೂ ಕೈಯಿಂದ ಮುಂದಕ್ಕೆ ನೂಕಿ, ಬೇಲಿಯ ಆಚೆ ನಿಂತಿದ್ದ ಅಣ್ಣನ ಎದೆಗೆ ಸರಿಯಾಗಿ ಎಸೆದ. ಮರಿ 'ಬ್ಯಾ' ಎನ್ನುವಷ್ಟರಲ್ಲಿ ಅಣ್ಣನ ಕೈಯಲ್ಲಿತ್ತು. ತರಕಾರಿ ಕೊಳ್ಳುತ್ತಿದ್ದ ಕರೀಂಸಾಬರು ಚೀಲ ಅಲ್ಲೇ ಬಿಟ್ಟು ಓಡಿಬಂದರು.

"ಏ ಮಿಯಾ, ಇನ್ನೊಂದ್ ಸಲ ಒಗಿ ನೋಡೋಣ!"

"ಕುರಿ ಬೇಕೇನ್ರಿ?"

"ಕುರಿ ಬ್ಯಾಡ. ನೀ ಬೇಕು."

ಮೊದಮೊದಲು ಹೊನ್ನೂರಪ್ಪ ನನ್ನನ್ನು "ಧಣೇರ" ಎನ್ನುತ್ತಿದ್ದ. ಚೆಂಡು ಬೇಕಾದಾಗಲೂ "ಧಣೇರ, ಇತ್ತ ಕೊಡ್ರಿ" ಎಂದು ಕೈ ಮುಗಿಯುವನಂತೆ ನಿಲ್ಲುತ್ತಿದ್ದ. ಅಷ್ಟರಲ್ಲಿ ಎದುರಿನವರು ಚೆಂಡು ಕಸಿದು ಬುಟ್ಟಿಗೆ ಹಾಕಿ ಹೋಗಿರುತ್ತಿದ್ದರು. ಕರೀಂಸಾಬರು ತಲೆ ಚಚ್ಚಿಕೊಂಡು, ಮೈದಾನದಲ್ಲಿ ಯಾರೂ ಯಾರ ಹೆಸರನ್ನೂ ಕೂಗಬಾರದು, ಹೆಸರು ಕೂಗಿದರೆ ವೈರಿಗೆ ಗೊತ್ತಾಗುತ್ತದೆ ಎಂದು ಕಾನೂನು ಮಾಡಿದರು. ಮರುದಿನ ನನ್ನ ಬೆನ್ನ ಹಿಂದಿನಿಂದ "ಟುರ್‌ರ್‌ರ್‌... ಹಾ!" ಎಂಬ ಸದ್ದು ಬಂತು. ಹೊನ್ನೂರಪ್ಪ ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ ತನ್ನ ಕುರಿಗಳನ್ನು ಕರೆಯುವಂತೆ ನನ್ನನ್ನು ಕರೆದಿದ್ದ.

"ನಾ ಏನು ಕುರಿ ಏನಲೇ?" ಎಂದೆ ಸಿಟ್ಟಿನಿಂದ.

"ಕುರಿ ಆದ್ರೂ ಹೊಳ್ಳಿ ನೋಡ್ತಾವ್ರಿ. ನೀವು ನೋಡಬ್ಯಾಡ್ರಿ, ಬರೇ ಒಗೀರಿ."

ಹಾಗೇ ಮಾಡಿದೆ. ಸದ್ದು ಬಂದ ಕಡೆಗೆ ನೋಡದೆ ಎಸೆದೆ. ಚೆಂಡು ಅವನ ಎದೆಗೆ ಹೋಗಿ ಕೂತಿತು. ಅವನು ಓಡಿ, ನನಗೇ ವಾಪಸ್ ಕೊಟ್ಟ. ನಾನು ಹಾಕಿದೆ. ಆ ದಿನದಿಂದ "ಧಣೇರ" ಹೋಗಿ "ಲೇ ಗುಂಡ" ಬಂತು. ನನಗೆ ಅಷ್ಟು ಸಂತೋಷ ಕೊಟ್ಟ ಬೈಗುಳ ಇನ್ನೊಂದಿಲ್ಲ.

ಆ ಕೂಗಿನ ಕಟ್ಟಳೆಯನ್ನು ಅವನೇ ಒಮ್ಮೆ ಹೇಳಿದ್ದ. ಒಂದೊಂದು ಹಟ್ಟಿಗೆ ಒಂದೊಂದು ಕೂಗು. ಬೇರೆಯವರ ಕುರಿಯನ್ನು ಅದರ ಹಟ್ಟಿಯ ಕೂಗಿನಿಂದ ಕರೆದು ತಂದರೆ ಅದಕ್ಕಿಂತ ದೊಡ್ಡ ಕಳವಿಲ್ಲ. ತಪ್ಪಿ ಬಂದರೂ ಅದಕ್ಕೆ ನೀರು ಕುಡಿಸುವುದರೊಳಗೆ ಹೊಳ್ಳಿ ಬಿಟ್ಟು ಬರಬೇಕು. ನೀರು ಕುಡಿಯಿತೆಂದರೆ ಆಯಿತು, ನೀನು ಕಳ್ಳ.

ಐವತ್ತೊಂದರಲ್ಲಿ ತುಂಗಭದ್ರೆಯ ಕಾಲುವೆ ಕೆಲಸ ಸಿಂಧನೂರಿನ ಕಡೆ ಜೋರಾಯಿತು. ತಗಡಿನ ಮನೆಗಳ ಕ್ಯಾಂಪ್ ಎದ್ದಿತು. ಅಲ್ಲಿಯ ಎಂಜಿನಿಯರ್ ಸಾಹೇಬರು ತೆಲುಗರು, ಮದ್ರಾಸಿನ ಕಾಲೇಜಿನಲ್ಲಿ ಈ ಆಟ ಆಡಿದವರು. ಅವರಿಗೊಂದು ಟೀಮು ಬೇಕಿತ್ತು. ನಮ್ಮಿಬ್ಬರ ಆಟ ನೋಡಿ ಜೀಪಿನಲ್ಲಿ ಕೂರಿಸಿಕೊಂಡೇ ಹೋದರು. ಆದರೆ ಆಟಗಾರರಿಗೆ ಪಗಾರ ಕೊಡಲು ಸರಕಾರದಲ್ಲಿ ಕಾನೂನಿರಲಿಲ್ಲ. ಕಾರಕೂನ ಲಾಲಪ್ಪ ಹಾಜರಿ ಪಟ್ಟಿಯಲ್ಲಿ ನಮ್ಮ ಹೆಸರಿನ ಮುಂದೆ 'ಬುಟ್ಟಿ ಕೆಲಸ' ಎಂದು ಬರೆದ. ಮಣ್ಣು ಹೊರುವ ಹೆಂಗಸರ ಮುಂದೆಯೂ ಅದನ್ನೇ ಬರೆಯುತ್ತಿದ್ದ. ಎಷ್ಟು ಸಾರಿ ತಪಾಸಣೆಗೆ ಬಂದರೂ ಯಾರಿಗೂ ಸುಳ್ಳು ಸಿಗಲಿಲ್ಲ, ಯಾಕೆಂದರೆ ಅದು ಸುಳ್ಳೇ ಅಲ್ಲ.

ವಳಕಮದಿನ್ನಿಯಿಂದ ಮಣ್ಣು ಹೊರಲು ಬರುತ್ತಿದ್ದ ಯಮನೂರಮ್ಮ ಮಾತ್ರ ನಮ್ಮನ್ನು ಬಿಡುತ್ತಿರಲಿಲ್ಲ. ಸಂಜೆ ಮೈದಾನದ ಪಕ್ಕ ನಿಂತು, ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ದೊಡ್ಡ ದನಿಯಲ್ಲಿ ಹೇಳುತ್ತಿದ್ದಳು:

"ನಮ್ಮ ಬುಟ್ಟಿಗೆ ತಳ ಐತಿ, ನಿಮ್ಮ ಬುಟ್ಟಿಗಿಲ್ಲ. ಆದ್ರೂ ಕೂಲಿ ನಿಮಗ ಜಾಸ್ತಿ. ಏನ್ ರಾಜ್ಯಾನಪ್ಪ ಇದು!"

ನಮಗೆ ನಾಚಿಕೆಯಾಗುತ್ತಿತ್ತು. ನಗುವೂ ಬರುತ್ತಿತ್ತು. ಮೂರು ವರ್ಷ ಒಂದೇ ತಗಡಿನ ಕೆಳಗೆ ಮಲಗಿದೆವು, ಒಂದೇ ಗಂಗಾಳದಲ್ಲಿ ಸಜ್ಜಿ ರೊಟ್ಟಿ ಮುರಿದೆವು. ಲಿಂಗವಂತರ ಮಗ ಕುರಿಗಾರನ ಸಂಗಡ ಉಣ್ಣುತ್ತಾನೆಂದು ಮಸ್ಕಿಯವರೆಗೆ ಸುದ್ದಿ ಹೋಯಿತು. ಹೋಗಲಿ ಎಂದೆ. ಲಿಂಗಸುಗೂರಿನವರು ನಮ್ಮನ್ನು ಎರಡು ಮನೆ ಉಂಡವರು ಎಂದು ಆಡಿಕೊಂಡರು. ಅದಕ್ಕೂ ಹೋಗಲಿ ಎಂದೆ. ಹಳ್ಳದ ನೀರಿನಲ್ಲಿ ಬನಿಯನ್ ತೊಳೆದು ಒಣಹಾಕಿ, ಕಟ್ಟೆಯ ಮೇಲೆ ಅಡ್ಡಾಗಿ, ಕಾಲುವೆಗೆ ನೀರು ಬಂದರೆ ದಢೇಸುಗೂರಿನ ಕರಿಮಣ್ಣಿನಲ್ಲಿ ಭತ್ತ ಬೆಳೆಯುತ್ತದಂತೆ ಎಂದು ನಾನು ಹೇಳಿದರೆ, ಹಾಗಾದರೆ ನನ್ನ ಕುರಿ ಎಲ್ಲಿ ಮೇಯಬೇಕಲೇ ಎಂದು ಅವನು ಕೇಳುತ್ತಿದ್ದ. ಅಂಥ ಸಂಜೆಗಳು ಮತ್ತೆ ಬರಲಿಲ್ಲ. ಬಂದಿದ್ದರೂ ನನಗೆ ಗೊತ್ತಾಗಿಲ್ಲ.

ಐವತ್ತನಾಲ್ಕರಲ್ಲಿ ಅವನ ಅಪ್ಪ ಕಾಲು ಸೋತು ಕುಳಿತ. ಹೊನ್ನೂರಪ್ಪ ಊರಿಗೆ ಹೋದ. ಕುರಿ ಕಾಯುತ್ತ, ರವಿವಾರಕ್ಕೊಮ್ಮೆ ನಡೆದುಹೋಗಿ ಕರೀಂಸಾಬರ ಛಾವಣಿ ಟೀಮಿಗೆ ಮತ್ತೆ ಆಡಹತ್ತಿದ. ನಾನು ಕ್ಯಾಂಪಿನಲ್ಲೇ ಉಳಿದೆ.

ಐವತ್ತಾರರ ಅಕ್ಟೋಬರ್. ನವೆಂಬರ್ ಒಂದಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರುವುದಿತ್ತು. ಎಂಜಿನಿಯರ್ ಸಾಹೇಬರು ಆಂಧ್ರಕ್ಕೆ ಹೊರಡುವವರಿದ್ದರು, ದಿನಗೂಲಿಯವರನ್ನು ತೆಗೆಯುವುದೂ ನಿಶ್ಚಯವಾಗಿತ್ತು. ಹೋಗುವ ಮುಂಚೆ ಛಾವಣಿಗೂ ಕ್ಯಾಂಪಿಗೂ ನಡುವೆ ಮಸ್ಕಿಯಲ್ಲಿ ಒಂದು ಆಟ, ಗೆದ್ದವರಿಗೆ ಬೆಳ್ಳಿಯ ಕಪ್ಪು ಎಂದು ಸಾಹೇಬರು ಸಾರಿದರು. ನನ್ನನ್ನು ಒಳಗೆ ಕರೆದು, "ಕಪ್ಪು ಗೆದ್ದರೆ ನೀನು ಖಾಯಂ ಲಸ್ಕರ್" ಎಂದರು. ಲಸ್ಕರ್ ಎಂದರೆ ಕಾಲುವೆಯ ತೂಬು ತೆಗೆದು ಮುಚ್ಚುವವನು. ಸೋತರೆ ಬೆಲ್ಲ ತೂಗಬೇಕು. ಅತ್ತ ಕರೀಂಸಾಬರೂ ಹೊನ್ನೂರಪ್ಪನಿಗೆ ಒಂದು ಕಚೇರಿಯ ಚಪರಾಸಿ ಕೆಲಸ ಮಾತಾಡಿಟ್ಟಿದ್ದರು. ಅದೂ ಗೆದ್ದರೆ ಮಾತ್ರ.

ಮಸ್ಕಿ ಬೆಟ್ಟದ ಬುಡದ ಬಯಲಿಗೆ ಚಕ್ಕಡಿಯಲ್ಲಿ ಕಂಬ ತಂದು ನೆಟ್ಟರು. ಎರಡು ತಾಲ್ಲೂಕಿನ ಜನ ಸೇರಿದ್ದರು. ಅಂಗಡಿ ಮುಚ್ಚಿ ನನ್ನ ಅಪ್ಪನೂ ಬಂದಿದ್ದ. ಹೊನ್ನೂರಪ್ಪ ನನ್ನನ್ನು ನೋಡಿ ನಕ್ಕ, ನಾನೂ ನಕ್ಕೆ, ಆಮೇಲೆ ಇಬ್ಬರೂ ನಗಲಿಲ್ಲ.

ಕೊನೆಯ ನಿಮಿಷಕ್ಕೆ ಇಪ್ಪತ್ತೆಂಟು, ಇಪ್ಪತ್ತೆಂಟು. ಚೆಂಡು ನನ್ನ ಕೈಯಲ್ಲಿತ್ತು. ಛಾವಣಿಯವರ ಬುಟ್ಟಿ ನಾಲ್ಕು ಹೆಜ್ಜೆ ದೂರ, ಎದುರಿಗೆ ಇಬ್ಬರು ಅಡ್ಡ ನಿಂತಿದ್ದರು. ಆಗ ಬೆನ್ನ ಹಿಂದಿನಿಂದ ಬಂತು: "ಟುರ್‌ರ್‌ರ್‌... ಹಾ!"

ನಾನು ನೋಡಲಿಲ್ಲ. ಎಸೆದೆ.

ಎಸೆದ ಮೇಲೆ ನೆನಪಾಯಿತು, ಅವನೀಗ ನನ್ನವನಲ್ಲ ಎಂದು. ತಿರುಗಿದರೆ ಚೆಂಡು ಹೊನ್ನೂರಪ್ಪನ ಎದೆಯಲ್ಲಿತ್ತು. ಅವನಿಗೂ ನಮ್ಮ ಬುಟ್ಟಿಗೂ ನಡುವೆ ಒಂದು ನರಪಿಳ್ಳೆಯೂ ಇರಲಿಲ್ಲ. ಲಿಂಗಸುಗೂರಿನವರೆಲ್ಲ ಓಡು ಓಡು ಎಂದು ಕೂಗಿದರು. ಅವನು ಓಡಲಿಲ್ಲ. ಒಂದು ಉಸಿರಿನಷ್ಟು ಹೊತ್ತು ನನ್ನ ಮುಖ ನೋಡಿದ. ಆಮೇಲೆ ಎರಡೂ ಕೈಯಿಂದ ಚೆಂಡನ್ನು ನನಗೇ ಎಸೆದ. ಅಡ್ಡ ನಿಂತಿದ್ದ ಇಬ್ಬರೂ ಅವನತ್ತ ಓಡಿದ್ದರು. ನನ್ನ ಕೈಗೆ ಬುದ್ಧಿ ಇರಲಿಲ್ಲ, ರೂಢಿ ಇತ್ತು. ಹಾಕಿಬಿಟ್ಟೆ. ಸೀಟಿ ಊದಿದರು, ಕಪ್ಪು ನಮ್ಮದಾಯಿತು.

ಕರೀಂಸಾಬರು ಹೊನ್ನೂರಪ್ಪನ ಬನಿಯನ್ ಹಿಡಿದು ಕೇಳಿದರು: "ಎಷ್ಟಕ್ಕ ಮಾರಿದ್ಯೋ ನಮಕ್ ಹರಾಮ್?" ಜನ ಅವನ ಮೇಲೆ ಮಣ್ಣು ತೂರಿದರು. ಎಂಜಿನಿಯರ್ ಸಾಹೇಬರು ನನ್ನ ಹೆಗಲ ಮೇಲೆ ಕೈಯಿಟ್ಟು, "ಅವನ ಕೈಗೆ ಚೆಂಡು ಹೆಂಗೆ ಹೋಯಿತಪ್ಪಾ?" ಎಂದರು. ವೈರಿಗೆ ನಾನೇ ಕೊಟ್ಟೆ ಎಂದರೆ ಲಸ್ಕರ್ ಕೆಲಸದ ಗತಿಯೇನು?

"ಕಸಗೊಂಡಾನ್ರಿ ಸಾಹೇಬ್ರ" ಎಂದೆ.

ಎಲ್ಲರಿಗೂ ಕೇಳುವಂತೆ ಎಂದೆ. ಆ ಗದ್ದಲದಲ್ಲಿ ಚೆಂಡು ಅವನ ಕೈಗೆ ಹೋದದ್ದು ಯಾರಿಗೂ ಸರಿಯಾಗಿ ಕಂಡಿರಲಿಲ್ಲ. ಕಸಿದುಕೊಂಡವನು ತಾನಾಗಿ ವಾಪಸ್ ಕೊಟ್ಟನೆಂದರೆ ಮಾರಿಕೊಂಡನೆಂದೇ ಅರ್ಥ. ಹೊನ್ನೂರಪ್ಪ ತಲೆ ಮೇಲಿನ ಮಣ್ಣು ಜಾಡಿಸಿಕೊಂಡು ಕಂಬಳಿ ಹೆಗಲಿಗೇರಿಸಿ ಹೊರಟುಹೋದ. ನನ್ನ ಅಪ್ಪ ಮೊದಲ ಸಲ ನನ್ನ ಬೆನ್ನು ತಟ್ಟಿದ. ಹಾಳು ಬೆನ್ನು, ಆ ತಟ್ಟಿದ ಜಾಗ ಇನ್ನೂ ಉರಿಯುತ್ತದೆ.

ಹೊರಡುವ ಮುಂಚೆ ಸಾಹೇಬರು ಲಸ್ಕರ್ ಕೆಲಸದ ಕಾಗದ ಬರೆದು ಕೊಟ್ಟರು. ಆರು ತಿಂಗಳು ಪರೀಕ್ಷೆಯ ಮೇಲೆ, ತಕರಾರು ಬಂದರೆ ರದ್ದು ಎಂದಿತ್ತು. ಎರಡು ತಿಂಗಳು ತೂಬು ತೆಗೆದೆ, ಮುಚ್ಚಿದೆ. ನೀರು ಸದ್ದು ಮಾಡಿದಾಗೆಲ್ಲ ನನಗೆ 'ಟುರ್‌ರ್' ಎಂದೇ ಕೇಳಿಸುತ್ತಿತ್ತು. ಡಿಸೆಂಬರಿನ ಒಂದು ಬೆಳಿಗ್ಗೆ ತಡೆಯಲಾಗದೆ ರಜೆ ಹಾಕಿ ಪಾಮನಕಲ್ಲೂರಿಗೆ ಹೋದೆ.

ಊರಾಚೆಯ ಹೊಲದಲ್ಲಿ ಅವನು ಕುರಿಗಳ ಜೊತೆಗಿದ್ದ. ನನ್ನನ್ನು ಕಂಡು ಎದ್ದು ನಿಂತ.

"ಬರ್ರಿ ಧಣೇರ. ಕುಂದರ್ರಿ."

ಆ 'ರ್ರಿ' ನನ್ನ ಕಪಾಳಕ್ಕೆ ಬಡಿಯಿತು. ಅವನ ಹೆಂಡತಿ ಒಂದು ಚೆಂಬು ಮಜ್ಜಿಗೆ ತಂದಿಟ್ಟು, ನನ್ನ ಮುಖವನ್ನೂ ನೋಡದೆ ಹೋದಳು. ನಾನು ಕುಳಿತುಕೊಳ್ಳಲಿಲ್ಲ.

"ನಾ ಸುಳ್ಳು ಹೇಳೀನಿ ಹೊನ್ನೂರ. ನೀ ಕಸಗೊಂಡಿಲ್ಲ, ನಾನ ಕೊಟ್ಟಿದ್ದೆ. ಎಲ್ಲಾರ ಮುಂದ ನಿನ್ನ ಕಳ್ಳನ ಮಾಡೀನಿ."

ಅವನು ಕೈಯಲ್ಲಿದ್ದ ಕೋಲಿನಿಂದ ನೆಲ ಕೆದರಿದ.

"ಸುಳ್ಳೇನು ಬಂತ್ರಿ. ಕಳ್ಳ ಹೌದು ನಾ. ರೂಢಿಲೆ ಕೂಗೀನಿ ಅಂತ ತಿಳಕೊಂಡೀರೇನು? ಬೇಕಂತ್ಲೆ ಕೂಗಿದೆ. ಚಪರಾಸಿ ಆದ್ರ ಅಪ್ಪಗ ದವಾಖಾನಿ ಆಕ್ಕೈತಿ ಅನ್ನೂ ಆಸೆ. ಎರಡು ವರ್ಷ ಆಗೇತಿ, ಕೂಗು ಮರ್ತಿರ್ತೀರಿ, ಸುಮ್ನ ಕರದು ನೋಡೂಣು ಅಂದೆ." ಕೋಲನ್ನು ಅತ್ತ ಒಗೆದ. "ನೀ ಹೊಳ್ಳಿ ಸೈತ ನೋಡ್ಲಿಲ್ಲಲೇ ಗುಂಡ! ಕುರಿನಾದ್ರೂ ಹೊಳ್ಳಿ ನೋಡ್ತೈತಿ. ನೀ ನೋಡ್ಲಾರ್ದ ಒಗದಿ. ಅದನ್ನ ಹ್ಯಾಂಗ ಇಟ್ಕೊಳ್ಳಿ? ನೀರು ಕುಡಿಸೂದ್ರಾಗ ಬಿಟ್ಟು ಬರಬೇಕಲ್ಲ."

ನಾನು ಅತ್ತೆ. ಗಂಡಸು ಹೊಲದ ನಡುವೆ ನಿಂತು ಅಳಬಾರದೆಂಬುದು ನನಗೂ ಗೊತ್ತು.

"ಕರೀಂಸಾಬರಿಗೆ ಹೋಗಿ ಹೇಳ್ತೀನಿ" ಎಂದೆ.

"ಹುಚ್ಚದೀಯೇನು? ಆ ಕೆಲಸಕ್ಕ ಬ್ಯಾರೆಯಾವ್ನ ತಗೊಂಡಾರ. ನಿಂದೂ ಕಳಕೊಂತಿ. ಸುಮ್ನ ಮಜ್ಜಿಗಿ ಕುಡದು ಹೋಗು."

ಚೆಂಬು ಹಾಗೇ ಇತ್ತು. ನಾನು ಮುಟ್ಟಲಿಲ್ಲ. "ಬಿಟ್ಟು ಬಂದ ಮ್ಯಾಲೆ ಕುಡೀತೀನಿ" ಎಂದೆ. ಅವನಿಗೆ ಅರ್ಥವಾಯಿತು, ಮುಖ ಆಚೆ ಮಾಡಿಕೊಂಡ.

ನಡೆದು ಮಸ್ಕಿಗೆ ಬರುವಷ್ಟರಲ್ಲಿ ಬಿಸಿಲು ಇಳಿಯುತ್ತಿತ್ತು. ಸಿಂಧನೂರಿನ ಬಸ್ಸು ನಿಂತಿತ್ತು, ಕಂಡಕ್ಟರ್ ನನ್ನ ಗುರುತಿನವನು, ಹತ್ರಿ ಹತ್ರಿ ಎಂದ. ನಾನು ಲಿಂಗಸುಗೂರಿನ ಬಸ್ಸು ಹತ್ತಿದೆ. ಖಾಯಂ ಕೆಲಸದ ಕಾಗದ ಅಂಗಿಯ ಜೇಬಿನಲ್ಲೇ ಇತ್ತು. ದಾರಿಯುದ್ದಕ್ಕೂ ಅದರ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದೆ.

ದೀಪ ಹಚ್ಚುವ ಹೊತ್ತಿಗೆ ಕರೀಂಸಾಬರ ಬಾಗಿಲು ಬಡಿದೆ.

"ಕೌನ್?" ಎಂದರು ಒಳಗಿನಿಂದ.

ನಾನು ಹೆಸರು ಹೇಳಲಿಲ್ಲ. "ಚೆಂಡು ನಾನ ಕೊಟ್ಟಿದ್ದೆ ರೀ ಮಾಸ್ತರ" ಎಂದೆ.